ಗ್ಲಾಕ್ 19ರಲ್ಲಿ ಸೇಫ್ಟಿ ಬಟನ್ ಯಾಕಿಲ್ಲ? ಸ್ಟ್ರೈಕರ್ ಪಿಸ್ತೂಲು ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

ಅಮೆರಿಕದ ಗನ್ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಗ್ಲಾಕ್ 19 ತೀರಾ ಸಾಮಾನ್ಯ. ಮೊದಲ ಸಲ ಅದನ್ನು ಕೈಗೆ ತೆಗೆದುಕೊಂಡವರು ಆ ಕಡೆ ಈ ಕಡೆ ತಿರುಗಿಸಿ ಒಂದನ್ನು ಹುಡುಕುತ್ತಾರೆ. ಸೇಫ್ಟಿ ಬಟನ್ ಎಲ್ಲಿ? ಅದು ಇಲ್ಲ. ಸಿನಿಮಾದಲ್ಲಿ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ಹ್ಯಾಮರ್ ಕೂಡ ಇಲ್ಲ. ಹೊರಗಿನಿಂದ ನೋಡಿದರೆ ಬರೀ ಒಂದು ಟ್ರಿಗರ್, ಎರಡು ಮೂರು ಸಣ್ಣ ಬಟನ್, ಅಷ್ಟೇ.

ಇದು ಕೊರತೆಯಲ್ಲ, ಬೇಕೆಂದೇ ಮಾಡಿದ ವಿನ್ಯಾಸ. ಆದರೆ ಇದರ ಅರ್ಥವೇನು ಅನ್ನೋದು ಕೊಳ್ಳುವವರಿಗೆ ಪೂರ್ತಿ ಗೊತ್ತಿರಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಪಿಸ್ತೂಲನ್ನು ಅಳೆಯುವಾಗ ‘ಎಷ್ಟು ಚೆನ್ನಾಗಿ ಹೊಡೆಯುತ್ತೆ’ ಅನ್ನುವುದಕ್ಕಿಂತ ಮೊದಲು ‘ನಾನು ಎಡವಿದಾಗ ಇದು ಏನು ಮಾಡುತ್ತೆ’ ಅಂತ ಕೇಳಬೇಕು. ಚೆನ್ನಾಗಿ ಹೊಡೆಯುವ ಪಿಸ್ತೂಲು ಈಗ ಹತ್ತಾರು ಸಿಗುತ್ತವೆ.

ಮೊದಲು ಒಳಗಿನ ಕೆಲಸ ನೋಡೋಣ. ತೋಟಾ ಅಂದರೆ ಒಂದು ಹಿತ್ತಾಳೆ ಕೊಳವೆ. ಒಳಗೆ ಮದ್ದು, ತುದಿಯಲ್ಲಿ ಗುಂಡು, ಬುಡದಲ್ಲಿ ಪ್ರೈಮರ್ ಅನ್ನುವ ಪುಟ್ಟ ಬಟ್ಟಲು. ಪ್ರೈಮರ್‌ಗೆ ಜೋರಾಗಿ ಒಂದು ಪೆಟ್ಟು ಬಿದ್ದರೆ ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. ಆ ಪೆಟ್ಟು ಕೊಡುವುದಕ್ಕೆ ಎರಡು ದಾರಿ ಇವೆ. ಹಳೆಯ ಮಾದರಿಗಳಲ್ಲಿ ಹೆಚ್ಚಿನವು ಹ್ಯಾಮರ್ ಇಟ್ಟುಕೊಂಡಿದ್ದವು. ಹ್ಯಾಮರ್ ತಿರುಗಿ ಬಂದು ಒಂದು ಪಿನ್ನಿಗೆ ಬಡಿಯುತ್ತದೆ, ಪಿನ್ ಪ್ರೈಮರ್‌ಗೆ ಬಡಿಯುತ್ತದೆ. ಸ್ಟ್ರೈಕರ್ ಮಾದರಿಯಲ್ಲಿ ಹ್ಯಾಮರ್ ಇಲ್ಲ. ಪಿನ್ನಿಗೇ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಬಿಟ್ಟ ಕೂಡಲೇ ಪಿನ್ ನೇರವಾಗಿ ಮುಂದಕ್ಕೆ ನುಗ್ಗುತ್ತದೆ.

ಇದು ಹೊಸ ಕಲ್ಪನೆಯಲ್ಲ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಬೆಲ್ಜಿಯಂನ ಎಫ್‌ಎನ್ 1900 ಪಿಸ್ತೂಲಿನಲ್ಲೂ, ಜರ್ಮನಿಯ ಲೂಗರ್‌ನಲ್ಲೂ ಸ್ಟ್ರೈಕರ್ ಇತ್ತು. ಪ್ಲಾಸ್ಟಿಕ್ ಚೌಕಟ್ಟು ಮತ್ತು ಸ್ಟ್ರೈಕರ್ ಎರಡೂ ಸೇರಿದ ಪಿಸ್ತೂಲನ್ನು ಹೆಕ್ಲರ್ ಅಂಡ್ ಕಾಖ್ ಕಂಪನಿ 1970ರಲ್ಲೇ ತಂದಿತ್ತು. ಆದರೆ ಎಲ್ಲವನ್ನೂ ಹೊಂದಿಸಿ ಗೆದ್ದವರು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಅವರ ಕಂಪನಿ ಅದಕ್ಕೂ ಮೊದಲು ಪರದೆ ಕಂಬಿ, ಸೈನ್ಯದ ಚಾಕು ಇಂಥವನ್ನು ಮಾಡುತ್ತಿತ್ತು. ಪಿಸ್ತೂಲು ಮಾಡಿದ ಅನುಭವವೇ ಇರಲಿಲ್ಲ. ಆದರೂ 1982ರಲ್ಲಿ ಆಸ್ಟ್ರಿಯಾ ಸೈನ್ಯ ಅವರ ಗ್ಲಾಕ್ 17ನ್ನು ಆರಿಸಿಕೊಂಡಿತು. ಅದನ್ನೇ ಸ್ವಲ್ಪ ಕುಗ್ಗಿಸಿ 1988ರಲ್ಲಿ ತಂದದ್ದು ಗ್ಲಾಕ್ 19. ಇವತ್ತು ‘ಕಾಂಪ್ಯಾಕ್ಟ್’ ಅಂದರೆ ಎಲ್ಲರೂ ಅಳತೆಗೋಲಾಗಿ ಇಟ್ಟುಕೊಳ್ಳುವುದು ಇದನ್ನೇ.

ಈಗ ಆ ಸೇಫ್ಟಿ ವಿಷಯಕ್ಕೆ ಬರೋಣ. ಗ್ಲಾಕ್‌ನಲ್ಲಿ ತೋಟಾ ಚೇಂಬರ್‌ಗೆ, ಅಂದರೆ ನಳಿಕೆಯ ಹಿಂತುದಿಯ ಗೂಡಿಗೆ, ಏರಿದ ಮೇಲೆ ಸ್ಟ್ರೈಕರ್ ಸ್ಪ್ರಿಂಗ್ ಅರ್ಧದಷ್ಟು ಮಾತ್ರ ಬಿಗಿಯಾಗಿ ನಿಂತಿರುತ್ತದೆ. ಸ್ವಲ್ಪ ಮಾತ್ರ ಎಳೆದು ಹಿಡಿದ ಕ್ಯಾಟರ್‌ಬಿಲ್ಲಿನ ಹಾಗೆ. ಉಳಿದದ್ದನ್ನು ಎಳೆಯುವುದು ನಿಮ್ಮ ಬೆರಳು. ಟ್ರಿಗರ್ ಒತ್ತುತ್ತಾ ಹೋದ ಹಾಗೆ ಸ್ಟ್ರೈಕರ್ ಇನ್ನೂ ಹಿಂದಕ್ಕೆ ಸರಿಯುತ್ತದೆ, ಕೊನೆಗೆ ಕೊಂಡಿ ಕೆಳಗೆ ಜಾರಿ ಅದನ್ನು ಬಿಟ್ಟುಬಿಡುತ್ತದೆ.

ಈ ದಾರಿಯಲ್ಲಿ ಮೂರು ತಡೆಗಳಿವೆ. ಟ್ರಿಗರ್‌ನ ಮುಖದಲ್ಲಿ ಒಂದು ಸಣ್ಣ ನಾಲಿಗೆ ಇದೆ, ಅದನ್ನು ಸೇರಿಸಿ ಒತ್ತದಿದ್ದರೆ ಟ್ರಿಗರ್ ಹಿಂದಕ್ಕೆ ಹೋಗುವುದಿಲ್ಲ. ಸ್ಲೈಡ್ ಅಂದರೆ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ, ಅದರ ಒಳಗೆ ಒಂದು ಸಣ್ಣ ಗುಂಡಿ ಸ್ಟ್ರೈಕರ್‌ನ ದಾರಿಗೆ ಅಡ್ಡ ನಿಂತಿರುತ್ತದೆ, ಟ್ರಿಗರ್ ಹಿಂದಕ್ಕೆ ಬಂದಾಗ ಮಾತ್ರ ಅದು ಮೇಲೆ ಏಳುತ್ತದೆ. ಮೂರನೆಯದು, ಟ್ರಿಗರ್ ಪಟ್ಟಿ ಒಂದು ಕಟ್ಟೆಯ ಮೇಲೆ ಕೂತಿರುವುದರಿಂದ ಪಿಸ್ತೂಲು ನೆಲಕ್ಕೆ ಬಿದ್ದರೂ ಸ್ಟ್ರೈಕರ್ ಕಳಚಿಕೊಳ್ಳುವುದಿಲ್ಲ. ಮೂರೂ ತಾವಾಗಿಯೇ ಬಿಡುತ್ತವೆ, ತಾವಾಗಿಯೇ ಮತ್ತೆ ಬೀಳುತ್ತವೆ.

ಗಮನಿಸಿ. ಈ ಮೂರರಲ್ಲಿ ಒಂದೂ ಟ್ರಿಗರ್ ಒತ್ತಿದ ಬೆರಳನ್ನು ತಡೆಯುವುದಿಲ್ಲ. ಬೆರಳೇ ಆಗಬೇಕಿಲ್ಲ, ಜಾಕೆಟ್‌ನ ದಾರವೂ ಸಾಕು. ಟ್ರಿಗರ್ ಹಿಂದಕ್ಕೆ ಹೋದರೆ ಈಡು ಹಾರುತ್ತದೆ, ಯಾರು ಒತ್ತಿದರು ಅಂತ ಪಿಸ್ತೂಲಿಗೆ ಗೊತ್ತಾಗುವುದಿಲ್ಲ. ಬೀಳುವುದು, ಕುಲುಕುವುದು ಇವುಗಳಿಂದ ರಕ್ಷಣೆ ಯಂತ್ರ ಕೊಡುತ್ತದೆ. ಒತ್ತುವುದರಿಂದ ರಕ್ಷಣೆ ನೀವೇ ಕೊಟ್ಟುಕೊಳ್ಳಬೇಕು. ಈ ಹಂಚಿಕೆ ಒಪ್ಪಿಗೆಯಿದ್ದರೆ ಮಾತ್ರ ಇಂಥ ಪಿಸ್ತೂಲು ಕೊಳ್ಳಿ. ಇಲ್ಲದಿದ್ದರೆ ಹೆಬ್ಬೆರಳಿನ ಸೇಫ್ಟಿ ಇರುವ ಮಾದರಿಗಳೂ ಇವೆ. ಅಮೆರಿಕದ ಸೈನ್ಯ 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲನ್ನು ಎಂ17 ಅಂತ ತೆಗೆದುಕೊಂಡಾಗ ಹೊರಗಿನ ಸೇಫ್ಟಿ ಇರಲೇಬೇಕು ಅಂತ ಷರತ್ತು ಹಾಕಿತ್ತು. ಹಾಗೆ ಕೇಳುವುದು ಹೆದರಿಕೆಯ ಲಕ್ಷಣ ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪಿ320 ಹೆಸರು ಬಂತಲ್ಲ, ಅದರ ಕಥೆ ಇಲ್ಲೇ ಹೇಳಬೇಕು. ಎಲ್ಲ ಸ್ಟ್ರೈಕರ್ ಪಿಸ್ತೂಲುಗಳೂ ಗ್ಲಾಕ್ ಹಾಗೆ ಅರ್ಧ ಬಿಗಿಯಲ್ಲಿ ನಿಲ್ಲುವುದಿಲ್ಲ. ಪಿ320ಯಂಥವುಗಳಲ್ಲಿ ಸ್ಪ್ರಿಂಗ್ ಹೆಚ್ಚುಕಡಿಮೆ ಪೂರ್ತಿ ಬಿಗಿಯಾಗಿರುತ್ತದೆ, ಟ್ರಿಗರ್ ಅದನ್ನು ಬಿಡುವ ಕೆಲಸ ಮಾತ್ರ ಮಾಡುತ್ತದೆ. ಅದಕ್ಕೇ ಟ್ರಿಗರ್ ಗರಿಗರಿಯಾಗಿ, ಹಗುರವಾಗಿ ಇರುತ್ತದೆ. 2017ರ ಆಗಸ್ಟ್‌ನಲ್ಲಿ ಒಂದು ವಿಷಯ ಹೊರಬಿತ್ತು. ಸ್ಲೈಡ್‌ನ ಹಿಂಬದಿ ನೆಲಕ್ಕೆ ತಾಗುವ ಹಾಗೆ ಒಂದು ಕೋನದಲ್ಲಿ ಬಿದ್ದರೆ ಪಿ320 ತಾನಾಗಿ ಹಾರಬಹುದು ಅಂತ. ಪಿಸ್ತೂಲು ನೆಲಕ್ಕೆ ಬಡಿದು ನಿಂತರೂ ಭಾರದ ಟ್ರಿಗರ್ ತನ್ನ ವೇಗದಲ್ಲೇ ಹಿಂದಕ್ಕೆ ಸರಿಯುತ್ತಿತ್ತು. ಕಂಪನಿ ಹಗುರವಾದ ಟ್ರಿಗರ್ ಮತ್ತು ಒಳಗಿನ ಬೇರೆ ಭಾಗಗಳನ್ನು ಪುಕ್ಕಟೆಯಾಗಿ ಬದಲಿಸಿಕೊಟ್ಟಿತು. ಅದಾದ ಮೇಲೂ, ಟ್ರಿಗರ್ ಮುಟ್ಟದೆಯೇ ಈಡು ಹಾರಿತು ಅಂತ ಹಲವರು ಕೋರ್ಟಿಗೆ ಹೋದರು. 2024ರಲ್ಲಿ ಜಾರ್ಜಿಯಾ ಮತ್ತು ಫಿಲಡೆಲ್ಫಿಯಾದ ಜ್ಯೂರಿಗಳು ದೂರು ಕೊಟ್ಟವರ ಪರ ನಿಂತವು. ಕಂಪನಿ ಮಾತ್ರ ಟ್ರಿಗರ್ ಒತ್ತದೆ ತಮ್ಮ ಪಿಸ್ತೂಲು ಹಾರುವುದಿಲ್ಲ ಅನ್ನುತ್ತಲೇ ಬಂದಿದೆ. ನನ್ನ ಸಲಹೆ ಸಣ್ಣದು. ಹಳೆಯ ಪಿ320 ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಗೊಂಡರೆ, ಆ ಬದಲಾವಣೆ ಆಗಿದೆಯಾ ಅಂತ ಸೀರಿಯಲ್ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ.

ಎಡವುವ ಇನ್ನೊಂದು ಜಾಗ ಅಂದರೆ ಪಿಸ್ತೂಲು ಬಿಚ್ಚುವ ಹೊತ್ತು. ಗ್ಲಾಕ್ ಬಿಚ್ಚಿ ಕ್ಲೀನ್ ಮಾಡಬೇಕು ಅಂದರೆ ಮೊದಲು ಟ್ರಿಗರ್ ಒತ್ತಲೇಬೇಕು. ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟಾ ಡಬ್ಬಿ) ತೆಗೆದೆವಲ್ಲ, ಖಾಲಿಯಾಯಿತು ಅಂದುಕೊಳ್ಳುತ್ತಾರೆ ಜನ. ಚೇಂಬರ್‌ನಲ್ಲಿ ಒಂದು ತೋಟಾ ಹಾಗೇ ಕೂತಿರುತ್ತದೆ. ಕ್ರಮ ಯಾವಾಗಲೂ ಒಂದೇ ಇರಬೇಕು: ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿ. ಚೇಂಬರ್‌ನೊಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಅದಾದ ಮೇಲೂ ಗುಂಡು ತಡೆಯಬಲ್ಲ ಕಡೆಗೆ ಮುಖ ಮಾಡಿಯೇ ಟ್ರಿಗರ್ ಒತ್ತಿ. ಈ ತಲೆನೋವೇ ಬೇಡ ಅಂತ ಸ್ಮಿತ್ ಅಂಡ್ ವೆಸನ್ ತನ್ನ ಎಂ ಅಂಡ್ ಪಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತದೆ ಬಿಚ್ಚುವುದಕ್ಕೆ ಒಳಗೊಂದು ಸಣ್ಣ ಲಿವರ್ ಇಟ್ಟಿದೆ. ಪಿ320ಯಲ್ಲೂ ಒತ್ತಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದು, ಪಿಸ್ತೂಲು ಬಿಚ್ಚುವುದು ಊಟದ ಮೇಜಿನ ಮೇಲೇ ಆಗುವುದಾದರೆ ಇದು ಸಣ್ಣ ವಿಷಯವಲ್ಲ.

ಈಗ ಗಾತ್ರ. ಗ್ಲಾಕ್ 19ರ ನಳಿಕೆ 102 ಮಿ.ಮೀ., ಮ್ಯಾಗಜೀನ್‌ನಲ್ಲಿ 15 ತೋಟಾ, ಖಾಲಿ ಮ್ಯಾಗಜೀನ್ ಸೇರಿ ತೂಕ ಸುಮಾರು 670 ಗ್ರಾಂ. ತುಂಬಿಸಿದರೆ 850 ಗ್ರಾಂ ಹತ್ತಿರ ಬರುತ್ತದೆ. ಇದಕ್ಕಿಂತ ಸಣ್ಣದು ಬೇಕು ಅಂದವರಿಗೆ 2018ರಲ್ಲಿ ಬಂದ ಸಿಗ್ ಪಿ365 ದೊಡ್ಡ ತಿರುವು. ಅದಕ್ಕೂ ಮೊದಲು ಆ ಗಾತ್ರದಲ್ಲಿ ಗ್ಲಾಕ್ 43 ಥರದವು ಆರೇ ತೋಟಾ ಹಿಡಿಸುತ್ತಿದ್ದವು. ಪಿ365 ಹತ್ತು ಹಿಡಿಸಿತು. ತೂಕ 500 ಗ್ರಾಂ ಆಸುಪಾಸು. ಸ್ಪ್ರಿಂಗ್‌ಫೀಲ್ಡ್ ಕಂಪನಿಯ ಹೆಲ್‌ಕ್ಯಾಟ್ ಮರುವರ್ಷವೇ ಹಿಂದೆ ಬಂತು.

ಹಾಗಾದರೆ ಸಣ್ಣದೇ ಒಳ್ಳೆಯದಲ್ವಾ? ಇಲ್ಲಿ ಸ್ಕೂಲಿನ ಫಿಸಿಕ್ಸ್ ಅಡ್ಡ ಬರುತ್ತದೆ. ಒಂದು 9 ಎಂ.ಎಂ. ಗುಂಡಿನ ತೂಕ ಸುಮಾರು ಎಂಟು ಗ್ರಾಂ, ವೇಗ ಸೆಕೆಂಡಿಗೆ ಮುನ್ನೂರೈವತ್ತು ಮೀಟರ್ ಹತ್ತಿರ. ಅದು ಮುಂದಕ್ಕೆ ಹೊರಟಷ್ಟೇ ತಳ್ಳು ಪಿಸ್ತೂಲಿಗೆ ಹಿಂದಕ್ಕೆ ಬೀಳುತ್ತದೆ. ತಳ್ಳು ಅದೇ, ಪಿಸ್ತೂಲು ಹಗುರವಾದಷ್ಟೂ ಅದು ಹಿಂದಕ್ಕೆ ಬರುವ ವೇಗ ಜಾಸ್ತಿ. ತುಂಬಿಸಿದ ಪಿ365ಯ ತೂಕ ತುಂಬಿಸಿದ ಗ್ಲಾಕ್ 19ರ ಮುಕ್ಕಾಲು ಭಾಗದಷ್ಟಿದೆ. ಒದೆತ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಮೇಲಾಗಿ ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗ ಸಿಗುವುದು ಕಷ್ಟ.

ಗುರಿಯ ಲೆಕ್ಕವೂ ಹೀಗೇ. ಗ್ಲಾಕ್ 19ರಲ್ಲಿ ಗುರಿ ಹಿಡಿಯಲು ಸ್ಲೈಡ್ ಮೇಲಿರುವ ಮುಂದಿನ ಸೈಟ್ ಮತ್ತು ಹಿಂದಿನ ಸೈಟ್ ನಡುವೆ ಸುಮಾರು 153 ಮಿ.ಮೀ. ಅಂತರ. ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಆರೂವರೆ ಸೆ.ಮೀ. ಪಕ್ಕಕ್ಕೆ ಹೋಗುತ್ತದೆ. ಆ ಅಂತರ 130 ಮಿ.ಮೀ. ಆದರೆ ಅದೇ ತಪ್ಪು ಏಳೂಮುಕ್ಕಾಲು ಸೆ.ಮೀ. ಹತ್ತಿರ ಬರುತ್ತದೆ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಹೊಸಬರ ಕೈಗೆ ತೀರಾ ಸಣ್ಣ ಪಿಸ್ತೂಲು ಕೊಟ್ಟರೆ ಎರಡನೇ ಈಡಿಗೇ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಬಹುದು. ಮೂರನೆಯದಕ್ಕೆ ಒದೆತ ಬರುವ ಮುಂಚೆಯೇ ಮಣಿಕಟ್ಟು ಕೆಳಗೆ ಬಗ್ಗುತ್ತದೆ, ಗುಂಡು ಗುರಿಯ ಕೆಳಗೆ ಎಡಕ್ಕೆ ಹೋಗುತ್ತದೆ. ಬಲಗೈಯವರಲ್ಲಿ ಹೆಚ್ಚಾಗಿ ಆಗುವುದು ಇದೇ. ಸಣ್ಣ ಪಿಸ್ತೂಲು ಹೊತ್ತುಕೊಳ್ಳುವುದಕ್ಕೆ ಸುಲಭ, ಕಲಿಯುವುದಕ್ಕೆ ಕಷ್ಟ. ಮೊದಲ ಪಿಸ್ತೂಲಿಗೆ ಗ್ಲಾಕ್ 19ರ ಗಾತ್ರಕ್ಕಿಂತ ಕೆಳಗೆ ಇಳಿಯಬೇಡಿ ಅಂತ ನಾನು ಯಾಕೆ ಹೇಳುತ್ತೇನೆ ಅಂದರೆ ಇದಕ್ಕೇ.

ಆದರೆ ಕೊಳ್ಳುವ ಮಾತಿಗಿಂತ ಮೊದಲು ಕಾನೂನು ಇದೆ. ಇದು ಅಮೆರಿಕದಲ್ಲಿರುವ ಕನ್ನಡಿಗರು ನಿಜವಾಗಿಯೂ ಗಮನ ಕೊಟ್ಟು ಓದಬೇಕಾದ ಭಾಗ. ಎಚ್-1ಬಿ, ಎಲ್-1, ಎಫ್-1 ಇಂಥ ವೀಸಾದಲ್ಲಿ ಇರುವವರು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ. ಜನ ಹೆಚ್ಚು ಕೇಳಿರುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಸುಮ್ನೆ ಗೆಳೆಯರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೋ ತೆಗೆಸಿಕೊಳ್ಳುವುದು ಕೂಡ ‘ಇಟ್ಟುಕೊಂಡ’ ಲೆಕ್ಕಕ್ಕೆ ಬರಬಹುದು. ಶಿಕ್ಷೆ ಹದಿನೈದು ವರ್ಷದವರೆಗೂ ಇದೆ. ಬಂದೂಕಿನ ಅಪರಾಧ ದೇಶದಿಂದ ಹೊರಹಾಕುವುದಕ್ಕೂ ಕಾರಣವಾಗುತ್ತದೆ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಸಂದೇಹ ಇದ್ದರೆ ಗೆಳೆಯರನ್ನಲ್ಲ, ಇಮಿಗ್ರೇಷನ್ ವಕೀಲರನ್ನು ಕೇಳಿ.

ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ಎಫ್‌ಬಿಐ ನಡೆಸುವ ವ್ಯವಸ್ಥೆಯ ಮೂಲಕ ಹಿನ್ನೆಲೆ ಪರಿಶೀಲನೆ ಆಗುತ್ತದೆ. ಗಾಂಜಾ ಬಳಸುತ್ತೀರಾ ಅಂತ ಅದರಲ್ಲಿ ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧವಾದರೂ ಕೇಂದ್ರ ಕಾನೂನಿಗೆ ಅದು ಅಡ್ಡಿಯೇ. ಉಳಿದದ್ದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಅರ್ಹರಾದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಹೊತ್ತುಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪರ್ಮಿಟ್ ಬೇಕು, ಹತ್ತಕ್ಕಿಂತ ಜಾಸ್ತಿ ತೋಟಾ ಹಿಡಿಸುವ ಮ್ಯಾಗಜೀನ್ ಇಟ್ಟುಕೊಳ್ಳುವ ಹಾಗಿಲ್ಲ. ಡಲ್ಲಾಸ್‌ನಿಂದ ಎಡಿಸನ್‌ಗೆ ಮನೆ ಬದಲಾಯಿಸುವವರು ಸಾಮಾನು ಕಟ್ಟುವ ಮುಂಚೆಯೇ ಇದನ್ನು ನೋಡಿಕೊಳ್ಳಬೇಕು.

ಭಾರತದಲ್ಲಂತೂ ಗ್ಲಾಕ್ 19 ಬಳಸುವ 9 ಎಂ.ಎಂ. ಪ್ಯಾರಾಬೆಲ್ಲಮ್ ತೋಟಾ ನಿಷೇಧಿತ ಬೋರ್, ಅಂದರೆ ನಿಷೇಧಿತ ಅಳತೆ. ಸಾಮಾನ್ಯ ಲೈಸೆನ್ಸ್ ಮೇಲೆ ಗ್ಲಾಕ್ 19 ಸಿಗುವುದಿಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಹೂವಿಟ್ಟು ಪೂಜೆ ಮಾಡುವ ಕೋವಿಯ ಲೋಕವೇ ಬೇರೆ, ಅದರ ಕಾನೂನೂ ಬೇರೆ.

ಅರ್ಹತೆ ಇದೆ ಅಂತಾದ ಮೇಲೆ, ಬಾಡಿಗೆಗೆ ಕೊಡುವ ರೇಂಜಿಗೆ ಹೋಗಿ ಎರಡು ಮೂರು ಮಾದರಿ ಹೊಡೆದು ನೋಡಿ. ಹಿಡಿದಾಗ ಪಿಸ್ತೂಲಿನ ಹಿಂಭಾಗ ಮುಂದೋಳಿನ ನೇರಕ್ಕೆ ಬರಬೇಕು, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಆರಾಮಾಗಿ ಕೂರಬೇಕು. ಅದಕ್ಕಾಗಿ ಹಿಡಿತ ತಿರುಗಿಸಬೇಕಾಗಿ ಬಂದರೆ ಆ ಪಿಸ್ತೂಲು ನಿಮ್ಮ ಕೈಗೆ ದೊಡ್ಡದು. ಈಚಿನ ಗ್ಲಾಕ್‌ಗಳ ಹಿಡಿಗೆ ಹಿಂದಿನಿಂದ ಹಾಕುವ ಬೇರೆ ಬೇರೆ ದಪ್ಪದ ಪಟ್ಟಿಗಳು ಬರುತ್ತವೆ, ಹಾಕಿಸಿಯೇ ನೋಡಿ. ಸ್ಲೈಡ್ ಎಳೆಯುವುದಕ್ಕೆ ಬೆರಳಲ್ಲಿ ಬಲ ಸಾಲದವರು ಅದನ್ನೂ ಅಲ್ಲೇ ಪರೀಕ್ಷಿಸಬೇಕು.

ಟ್ರಿಗರ್ ಅಂದರೆ ಬರೀ ಎಷ್ಟು ಪೌಂಡ್ ಅನ್ನುವ ಲೆಕ್ಕವಲ್ಲ. ನಿಧಾನವಾಗಿ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಸಡಿಲವಾಗಿ ಬರುತ್ತದೆ. ಆಮೇಲೆ ಒಂದು ಗೋಡೆ ಸಿಗುತ್ತದೆ. ಇನ್ನಷ್ಟು ಒತ್ತಿದರೆ ಆ ಗೋಡೆ ಕುಸಿದು ಈಡು ಹಾರುತ್ತದೆ. ಬೆರಳು ಸಡಿಲಿಸುತ್ತಾ ಬಂದರೆ ಒಂದು ಕಡೆ ಟಕ್ ಅನ್ನುತ್ತದೆ, ಅಲ್ಲಿಂದಲೇ ಮುಂದಿನ ಈಡಿಗೆ ಅದು ಸಿದ್ಧ. ಗ್ಲಾಕ್‌ನ ಗೋಡೆ ಸ್ವಲ್ಪ ಸ್ಪಂಜಿನಂತೆ ಮೆತ್ತಗೆ ಅಂತ ಬಹಳ ಜನ ಗೊಣಗುತ್ತಾರೆ. ವಾಲ್ಥರ್ ಕಂಪನಿಯ ಪಿಡಿಪಿ ಪಿಸ್ತೂಲು ಈ ವಿಷಯದಲ್ಲಿ ಎಷ್ಟೋ ಚೆಂದ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲಿಗೆ ತೀರಾ ಹಗುರ ಟ್ರಿಗರ್ ಗುಣವೋ ದೋಷವೋ ಅಂತ ಯೋಚಿಸಬೇಕು. ನಾನು ದೋಷ ಅನ್ನುತ್ತೇನೆ. ಗ್ಲಾಕ್‌ನ ಸುಮಾರು ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ, ಸರಿಯಾದ ಅಳತೆ. ಅಂತರ್ಜಾಲದಲ್ಲಿ ಸಿಗುವ ಹಗುರ ಟ್ರಿಗರ್ ಕಿಟ್ ತಂದು ಮನೆಯಲ್ಲಿ ಹಾಕಿಕೊಳ್ಳುವುದು ಬೇಡವೇ ಬೇಡ.

ನಂಬಿಕೆ ಬರಬೇಕಾದರೆ ಹೊಡೆಯಲೇಬೇಕು. ಹೊಸ ಪಿಸ್ತೂಲಿನಲ್ಲಿ ಕೆಲವು ನೂರು ಅಭ್ಯಾಸದ ತೋಟಾ ಹೊಡೆದು, ರಕ್ಷಣೆಗೆ ಇಟ್ಟುಕೊಳ್ಳುವ ಹಾಲೋ ಪಾಯಿಂಟ್ ತೋಟಾವನ್ನೂ ಒಂದೆರಡು ಡಬ್ಬಿ ಹೊಡೆದು ನೋಡಿ. ಅಭ್ಯಾಸದ ಗುಂಡಿನ ಮೂತಿ ದುಂಡಗೆ, ಹಾಲೋ ಪಾಯಿಂಟ್‌ನದ್ದು ಬಾಯಿ ತೆರೆದ ಹಾಗೆ. ಒಂದನ್ನು ಸಲೀಸಾಗಿ ನುಂಗುವ ಪಿಸ್ತೂಲು ಇನ್ನೊಂದಕ್ಕೆ ಅಡ್ಡಿ ಮಾಡಬಹುದು. ಖಾಲಿ ಕೊಳವೆ ಹೊರಗೆ ಹಾರದೆ ಸ್ಲೈಡ್‌ನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಂಡರೆ ತಪ್ಪು ಪಿಸ್ತೂಲಿನದ್ದೇ ಆಗಬೇಕಿಲ್ಲ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್‌ಗೆ ಪೂರ್ತಿ ಹಿಂದಕ್ಕೆ ಹೋಗುವ ಬಲ ಸಿಗುವುದಿಲ್ಲ, ಹಗುರ ಪಿಸ್ತೂಲುಗಳಲ್ಲಿ ಇದು ಜಾಸ್ತಿ. ಆದರೆ ಈಡು ಎಂದಿನ ಸದ್ದಿಲ್ಲದೆ ‘ಪುಸ್’ ಅಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಸಿಡಿಯಬಹುದು.

ಹೋಲ್ಸ್ಟರ್, ಅಂದರೆ ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲು ಚೀಲ, ಕೊಳ್ಳುವಾಗ ದುಡ್ಡು ಉಳಿಸಬೇಡಿ. ಹೊರಗೆ ಸೇಫ್ಟಿ ಇಲ್ಲದ ಪಿಸ್ತೂಲಿಗೆ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್ಸ್ಟರ್ ಅಂದರೆ ಅದೇ ಸೇಫ್ಟಿ. ಬಟ್ಟೆಯ ಹೋಲ್ಸ್ಟರ್ ಹೊರಗಿನಿಂದ ಒತ್ತಿದರೆ ಒಳಗಿನ ಟ್ರಿಗರ್ ತನಕ ಬಗ್ಗುತ್ತದೆ. ಹಳೆಯ ಚರ್ಮದ್ದಾದರೆ ಬಾಯಿ ಮಡಚಿ ಒಳಗೆ ಬರುತ್ತದೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದು ಹೆಚ್ಚು ವಾಸಿ. ಪಿಸ್ತೂಲು ತೆಗೆಯುವಾಗ ಆತುರ ಇರಬಹುದು, ಒಳಗೆ ಹಾಕುವಾಗ ಯಾವ ಆತುರವೂ ಇಲ್ಲ. ಅಂಗಿಯ ಅಂಚು, ಜಾಕೆಟ್ ದಾರ ಪಕ್ಕಕ್ಕೆ ಸರಿಸಿ, ಕಣ್ಣಿಂದ ನೋಡುತ್ತಾ ನಿಧಾನಕ್ಕೆ ಇಳಿಸಿ. ಎಲ್ಲಾದರೂ ತಡೆ ಸಿಕ್ಕರೆ ಒತ್ತಬೇಡಿ, ಹೊರಗೆ ತೆಗೆದು ನೋಡಿ.

ಮನೆಯಲ್ಲಿದ್ದಾಗ ಅದು ಲಾಕ್ ಆಗಿರಬೇಕು. ತಲೆದಿಂಬಿನ ಕೆಳಗೆ, ಬೀರುವಿನ ಮೇಲೆ ಇವೆಲ್ಲ ಜಾಗಗಳಲ್ಲ. ಬೆರಳಿನ ಗುರುತಿಗೋ ನಂಬರ್‌ಗೋ ತಕ್ಷಣ ತೆರೆಯುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ, ಅದನ್ನು ಗೋಡೆಗೋ ಮಂಚಕ್ಕೋ ಬಿಗಿದು ಇಡಿ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೇ ಪ್ರಾಣ ಕಳೆದುಕೊಂಡವರು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದ ಸ್ಥಿತಿಯಲ್ಲಿ ಇದ್ದರೆ, ಕಳ್ಳನ ಭಯಕ್ಕಿಂತ ಆ ಭಯ ದೊಡ್ಡದು. ಅಂಥ ಹೊತ್ತಿನಲ್ಲಿ ಪಿಸ್ತೂಲು ಮನೆಯಿಂದ ಹೊರಗೆ ಇರುವುದೇ ಸರಿ.

ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ತರಗತಿ, ಅಭ್ಯಾಸದ ತೋಟಾ, ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ, ಹೋಲ್ಸ್ಟರ್, ಪೆಟ್ಟಿಗೆ ಎಲ್ಲ ಸೇರಿದರೆ ಪಿಸ್ತೂಲಿನ ಬೆಲೆಯನ್ನೇ ದಾಟುತ್ತದೆ. ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಕೆಲವು ಸಾವಿರ ಈಡಿನ ಮೇಲೆ ಸೋಲುತ್ತದೆ, ಬದಲಾಯಿಸುವುದು ಸುಲಭ, ಬೆಲೆಯೂ ಕಡಿಮೆ.

ಕಣ್ಣಿಗೆ ಬೀಳದ ಇನ್ನೊಂದು ಸವಕಳಿ ತೋಟಾದಲ್ಲೇ ಆಗುತ್ತದೆ. ದಿನಾ ರಾತ್ರಿ ಪಿಸ್ತೂಲು ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರ್‌ಗೆ ಏರಿಸುವವರಿದ್ದಾರೆ. ಒಂದೊಂದು ಸಲ ಏರುವಾಗಲೂ ಗುಂಡಿನ ಮೂತಿ ಬಡಿದು, ಗುಂಡು ಕೊಳವೆಯೊಳಕ್ಕೆ ಕೂದಲೆಳೆಯಷ್ಟು ಸರಿಯಬಹುದು. ಒಳಗಿನ ಜಾಗ ಕಡಿಮೆಯಾದರೆ ಮದ್ದು ಉರಿಯುವಾಗ ಒತ್ತಡ ಏರುತ್ತದೆ, ಜಾಸ್ತಿ ಸರಿದಿದ್ದರೆ ಅಪಾಯದ ಮಟ್ಟಕ್ಕೇ ಏರುತ್ತದೆ. ಪರೀಕ್ಷೆ ಸುಲಭ. ಆ ತೋಟಾವನ್ನು ಡಬ್ಬಿಯಿಂದ ತೆಗೆದ ಹೊಸದೊಂದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಗಿಡ್ಡವಾಗಿ ಕಂಡರೆ ಅದನ್ನು ಹೊಡೆಯಬೇಡಿ, ರೇಂಜಿನವರ ಕೈಗೆ ಕೊಟ್ಟು ವಿಲೇವಾರಿ ಮಾಡಿಸಿ.